ನೆಂಟನ ದಿನ್ನೆ

ಕೋಲಾರದಿಂದ ಮೂಡಣ ಗಡಿಯ ಕಡೆಗೆ ಹೋಗುವ ಬಸ್ಸು ತೊರೆಬಂಡೆಯ ರೇಷ್ಮೆಗೂಡಿನ ಮಾರುಕಟ್ಟೆಯನ್ನು ದಾಟಿ ಹುಣಸೆಮರದ ತಿರುವಿನಲ್ಲಿ ನಿಲ್ಲುತ್ತದೆ. "ನೆಂಟನ ದಿನ್ನೆ, ಯಾರ್ರೀ ಇಳಿಯೋರು?" ಎಂದು ಕಂಡಕ್ಟರು ಕೂಗುತ್ತಾನೆ. ರಸ್ತೆಯ ಎಡಕ್ಕೆ ಕಾಣುವ ದಿನ್ನೆಗೆ ಎತ್ತರ ಹೆಚ್ಚಿಲ್ಲ, ಅಗಲ ಬಹಳ. ಸುತ್ತಲಿನ ದಿನ್ನೆಗಳೆಲ್ಲ ಬಂಡೆ ಚಾಚಿಕೊಂಡು ಒರಟಾಗಿದ್ದರೆ ಇದರ ನೆತ್ತಿ ಮಾತ್ರ ಒಲೆಯ ಮೇಲಿನ ಹೆಂಚಿನಂತೆ ಸಮತಟ್ಟು. ಅಲ್ಲಿ ಯಾರೂ ರಾಗಿ ಬಿತ್ತುವುದಿಲ್ಲ. ತಂಗಟೆ ಗಿಡ, ನೆಗ್ಗಿಲ ಮುಳ್ಳು ಬೆಳೆದಿವೆ. ಎರಡು ತುದಿಗಳಲ್ಲೂ ಗಾರೆಯಲ್ಲಿ ಹೂತ ಜೋಡಿ ಮರದ ಮೋಟುಗಳಿವೆ. ಬಿಸಿಲಿಗೆ ಮಳೆಗೆ ಅವು ಕಲ್ಲಿನಷ್ಟು ಗಟ್ಟಿಯಾಗಿವೆ. ಒಂದು ಪಕ್ಕದಲ್ಲಿ ಒರಟು ಕಲ್ಲಿನ ಉದ್ದನೆಯ ಮೆಟ್ಟಿಲ ಸಾಲುಗಳಿದ್ದು, ಮೇಕೆಗಳು ಅವುಗಳ ಮೇಲೆ ಮೈ ಕಾಯಿಸಿಕೊಳ್ಳುತ್ತವೆ. ನೆಂಟರು ಬಸ್ಸಿಳಿದು ದಣಿವಾರಿಸಿಕೊಳ್ಳುವ ಜಾಗವಾದ್ದರಿಂದ ಈ ಹೆಸರು ಬಂತೇ ಎಂದು ಹೊಸಬರು ಕೇಳಿದರೆ, "ಹಂಗೇ ಇರಬೋದು ಬಿಡಿ" ಎಂದು ಊರವರು ಮಾತು ಬದಲಿಸುತ್ತಾರೆ. ಆದರೆ ದಿನ್ನೆಯ ಮೇಲೆ ಅವರ ಕೈಯಿಂದ ಏನಾದರೂ ಬಿದ್ದಾಗ ನೋಡಬೇಕು. ಮಂಡಿನೋವಿನ ಮುದುಕನೂ ಬಾಗುವುದಿಲ್ಲ, ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕೂತು ಎತ್ತಿಕೊಳ್ಳುತ್ತಾನೆ.

ಹಿಂದೆ ಒಮ್ಮೆ, ಈಗ ಮಾರುಕಟ್ಟೆ ಇರುವ ಜಾಗದಲ್ಲಿ ಅಮೆರಿಕದ ಪಾದ್ರಿಗಳು ನಡೆಸುತ್ತಿದ್ದ ಒಂದು ಕಾಲೇಜು ಇತ್ತು ಎನ್ನುತ್ತಾರೆ. ಅಲ್ಲಿ ಗಣಿತ ಕಲಿಸಲು ಬಂದ ಬ್ರನ್ಸನ್ ದೊರೆ ಎಂಬುವನು ತನ್ನ ನಾಡಿನ ಚೆಂಡಾಟವನ್ನೂ ಜೊತೆಗೆ ತಂದ. ಅದು ನಾವು ಕಂಡ ಕಾಲ್ಚೆಂಡಾಟವಲ್ಲ. ಚೆಂಡು ದುಂಡಗಿರದೆ ಎಳೆಯ ಹಲಸಿನಕಾಯಿಯ ಆಕಾರದಲ್ಲಿರುತ್ತದೆ. ಅದನ್ನು ಅಪ್ಪಿಕೊಂಡು ಎದುರಾಳಿಗಳ ಗೋಡೆಯನ್ನು ಸೀಳಿ ಆಚೆ ತುದಿಯ ಗೆರೆ ದಾಟುವಂತೆ ಓಡಬೇಕು. ಹನ್ನೊಂದು ಜನ ಓಡಿಸುವವರು, ಹನ್ನೊಂದು ಜನ ಕೆಡವುವವರು. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗಳ ಪಾಲು. ಗರಡಿಯಲ್ಲಿ ಮಣ್ಣು ಹೊತ್ತು ಬೆಳೆದ ತೊರೆಬಂಡೆಯ ಹುಡುಗರಿಗೆ ಈ ಆಟ ತಾಯಿಯ ಹಾಲಿನಷ್ಟು ಸಲೀಸಾಗಿ ಹಿಡಿಸಿತು. ಹತ್ತಿ ತುಂಬಿದ ಅಂಗಿ, ತೊಗಲಿನ ಕುಲಾವಿ, ಬರಿಗಾಲು, ಇಷ್ಟೇ ಅವರ ಸಜ್ಜು. ಪ್ರತಿ ಸಲ ಚೆಂಡು ಹೊರಡುವ ಮುನ್ನ ಹನ್ನೊಂದೂ ಜನ ವೃತ್ತವಾಗಿ ನಿಂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ, ತಲೆ ತಗ್ಗಿಸಿ, ಮುಂದಿನ ಹೂಟವನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳುವುದು ಆಟದ ಕ್ರಮ. ಊರವರು ಇದಕ್ಕೆ ತಲೆ ಕೂಡಿಸುವುದು ಎಂದರು.

ಆಟಕ್ಕೆ ದೊರೆ ಆರಿಸಿದ ಜಾಗ ಈ ದಿನ್ನೆ. ಆಗ ಅದರ ಮೂಡಣ ತುದಿಯಲ್ಲಿ ಒಂದು ಕಲ್ಲುಗುಪ್ಪೆ ಇತ್ತು. ಅಜ್ಜಂದಿರ ಕಾಲದ ದೊಡ್ಡ ಬರದಲ್ಲಿ ಯಾರೋ ಒಬ್ಬ ದಾರಿಹೋಕ ಬಹಳ ದೂರದಿಂದ ನಡೆದು ಬಂದನಂತೆ. ಮನೆಮನೆಯ ಮುಂದೆ ನಿಂತು ನೀರು ಕೇಳಿದ. ಎಲ್ಲೆಲ್ಲೂ ವಾಂತಿಭೇದಿ ಹರಡಿದ್ದ ಕಾಲವಾದ್ದರಿಂದ ಒಂದು ಬಾಗಿಲೂ ತೆರೆಯಲಿಲ್ಲ. ಅವನು ದಿನ್ನೆ ಹತ್ತಿ, ಅಲ್ಲಿಯೇ ಬಿದ್ದು ಪ್ರಾಣ ಬಿಟ್ಟ. ಯಾವ ಊರು, ಯಾವ ಕುಲ ಎಂದು ತಿಳಿಯದೆ ಹೂಳುವವರೂ ಇಲ್ಲ, ಸುಡುವವರೂ ಇಲ್ಲ. ಹತ್ತಿರ ಹೋಗಲು ಹೆದರಿ ದೂರದಿಂದಲೇ ಕಲ್ಲು ಎಸೆದು ಮುಚ್ಚಿದರು. ಆಮೇಲೆ ಆ ದಾರಿಯಲ್ಲಿ ಹೋಗುವವರೆಲ್ಲ ಒಂದೊಂದು ಕಲ್ಲು ಹಾಕಿ "ಅಲ್ಲೇ ಇರಪ್ಪಾ" ಎಂದು ಹೇಳಿ ಮುಂದೆ ಹೋಗುವುದು ರೂಢಿಯಾಯಿತು. ಬ್ರನ್ಸನ್ ದೊರೆಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿದ್ದನೋ ಇಲ್ಲವೋ. ಗುಪ್ಪೆಯನ್ನು ಕೆದರಿಸಿ, ಆ ಕಲ್ಲುಗಳನ್ನೇ ನೋಡುವವರು ಕೂರಲು ಮೆಟ್ಟಿಲಾಗಿ ಜೋಡಿಸಿದ. ಗುಪ್ಪೆ ಇದ್ದಲ್ಲಿ ಎರಡು ಎತ್ತರದ ಕಂಬ ನೆಟ್ಟು ನಡುವೆ ಅಡ್ಡಮರ ಹೂಡಿಸಿದ. ಪಡುವಣ ತುದಿಯಲ್ಲೂ ಅಂಥದೇ ಒಂದು ಜೋಡಿ ಎದ್ದಿತು.

ಆ ತಂಡದ ನಟ್ಟನಡುವಿನ ಆಟಗಾರ ಸೊಣ್ಣಪ್ಪ. ತಂದೆತಾಯಿ ಇಲ್ಲದ ಅವನನ್ನೂ ತಮ್ಮ ಬೈಯಣ್ಣನನ್ನೂ ಅಜ್ಜಿ ಪಿಳ್ಳಮ್ಮನೇ ಸಾಕಿದ್ದಳು. ಬೈಯಣ್ಣ ಜಿಂಕೆಯಂತೆ ಓಡುವವನು. ಚೆಂಡು ಹಿಡಿದು ನುಗ್ಗುವ ಕೆಲಸ ಅವನದು. ಅವನಿಗೆ ಚೆಂಡು ಒದಗಿಸುವುದು ಸೊಣ್ಣಪ್ಪನ ಕೆಲಸ. ಅದಕ್ಕಾಗಿ ಅವನು ಸೊಂಟ ಬಗ್ಗಿಸಿ, ನೆಲದ ಮೇಲಿನ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಕಾಲಸಂದಿಯಿಂದ ಹಿಂದಕ್ಕೆ ನೋಡುತ್ತ ತಮ್ಮನ ಕೈಗೆ ಸೇರುವಂತೆ ಎಸೆಯಬೇಕಿತ್ತು. ಮೊದಲ ಸಲ ಆಟ ನೋಡಲು ಬಂದ ಪಿಳ್ಳಮ್ಮ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಉಗುಳುವುದನ್ನೂ ಮರೆತು ನಕ್ಕಳಂತೆ. "ಲೋ ಸೊಣ್ಣಾ, ಮೀಸೆ ಬಂದ ಗಂಡಸು ಕಾಲಸಂದೀಲಿ ತಲೆ ತೂರಿಸಿ ನೋಡ್ತೀಯಲ್ಲೋ! ಕೂಸು ಹಂಗೆ ಬಗ್ಗಿ ನೋಡಿದ್ರೆ ನೆಂಟರು ಬತ್ತಾರೆ ಅಂತೀವಿ. ನೀನು ಹೊತ್ತಿಗೆ ನೂರು ಸಲ ಬಗ್ತೀಯಾ. ಊರು ತುಂಬ ನೆಂಟರು ಬಂದ್ರೆ ಮುದ್ದೆ ಕಟ್ಟೋರು ಯಾರೋ?"

ಎಲ್ಲರೂ ನಕ್ಕರು. ಆ ವಾರವೇ ಪುಂಗನೂರಿನ ಸೋದರಮಾವ ಹೇಳದೆ ಕೇಳದೆ ಗಂಟುಮೂಟೆಯೊಂದಿಗೆ ಬಂದಿಳಿದಾಗ ಇನ್ನೂ ನಕ್ಕರು. ತಂಡದ ಹೂಟ ಹೇಳುವವನಾಗಿದ್ದ ಯೋನಾ, ಯಾರ ಮನೆಗೆ ಯಾವ ನೆಂಟರು ಬಂದರೂ "ಸೊಣ್ಣನ್ನ ಹಿಡಕೊಂಡು ಬನ್ನಿ, ಮಾವನ ಊಟದ ಖರ್ಚು ಅವನೇ ಕೊಡಬೇಕು" ಎನ್ನುತ್ತಿದ್ದ. ಸೊಣ್ಣಪ್ಪನೂ ನಗುತ್ತಿದ್ದ. ಎರಡು ವರ್ಷ ಆಟ ಹೀಗೆ ನಗುನಗುತ್ತಲೇ ನಡೆಯಿತು. ಮೂರನೆಯ ವರ್ಷದ ಬೇಸಗೆಯ ಮೊದಲಲ್ಲಿ, ಒಂದು ದಿನ ಮೂರು ಗಂಟೆಯ ಬಿಸಿಲಿನಲ್ಲಿ ಅವನು ಎಂದಿನಂತೆ ಬಾಗಿದ. ಆಕಾಶ ಕೆಳಗೆ, ನೆಲ ಮೇಲೆ. ತಲೆಕೆಳಗಾಗಿ ನಿಂತ ಬೈಯಣ್ಣ, ಅವನ ಹಿಂದೆ ಕಂಬಗಳು. ಕಂಬಗಳ ನಡುವೆ, ಕಲ್ಲುಗುಪ್ಪೆ ಇದ್ದ ಕಡೆ, ಯಾರೋ ನಿಂತಿದ್ದರು. ಮೊಣಕಾಲಿನ ತನಕ ಇಳಿಬಿದ್ದ ಕಂಬಳಿ ಕಂಡಿತು, ಅದರ ಕೆಳಗೆ ಒಣಗಿದ ಎರಡು ಕಾಲು. ಚೆಂಡು ಎಸೆದು, ಎದ್ದು, ತಿರುಗಿ ನೋಡಿದ. ಅಡ್ಡಮರದ ನೆರಳು ಬಿಟ್ಟರೆ ಬೇರೇನೂ ಇರಲಿಲ್ಲ.

ಯಾರೋ ದನಕಾಯುವವನಿರಬೇಕು ಎಂದು ಅವನು ತನಗೇ ಹೇಳಿಕೊಂಡ. ಮತ್ತೆ ಬಾಗಿದಾಗ ಅದು ಕಂಬಗಳಿಂದ ಈಚೆಗೆ ಬಂದಿತ್ತು. ನಡೆದು ಬರುವುದು ಕಾಣುತ್ತಿರಲಿಲ್ಲ. ಬಾಗಿದಾಗಲೆಲ್ಲ ಹಿಂದಿನ ಸಲಕ್ಕಿಂತ ಒಂದಿಷ್ಟು ಈಚೆಗೆ ನಿಂತಿರುತ್ತಿತ್ತು, ಅಷ್ಟೇ. ಎದ್ದರೆ ಇಲ್ಲ, ಬಾಗಿದರೆ ಇದೆ. ದಿನಗಳು ಕಳೆದಂತೆ ಸೊಣ್ಣಪ್ಪನಿಗೆ ಬಾಗುವುದೆಂದರೆ ಬಾವಿಗೆ ಇಣುಕಿದಂತಾಯಿತು. ಕಣ್ಣು ಮುಚ್ಚಿ ಚೆಂಡು ಎಸೆಯಲು ನೋಡಿದ. ಅದು ಬೈಯಣ್ಣನ ತಲೆಯ ಮೇಲೆ ಹಾರಿ ಹೋಯಿತು. "ಕಣ್ಣಿಗೆ ಏನು ಮಂಜು ಬಂತೇನಣ್ಣಾ?" ಎಂದು ತಮ್ಮ ಬೈದ. ಮತ್ತೆ ಕಣ್ಣು ತೆರೆದೇ ಬಾಗಬೇಕಾಯಿತು. ಕೊನೆಗೆ ಅದು ಬೈಯಣ್ಣನ ಬೆನ್ನಿಗೆ ತಾಗುವಷ್ಟು ಹತ್ತಿರ ಬಂದಿತ್ತು. ಮರುದಿನ ಜೀವ ಕೈಯಲ್ಲಿ ಹಿಡಿದು ಬಾಗಿ ನೋಡಿದರೆ ಅಲ್ಲಿ ಬರೀ ಬಯಲು. ಕಂಬಳಿಯೂ ಇಲ್ಲ, ಕಾಲೂ ಇಲ್ಲ. ಸೊಣ್ಣಪ್ಪ ಆ ದಿನ ಮಕ್ಕಳಂತೆ ಕುಣಿದ. ಚೆಂಡು ತಪ್ಪದೆ ಎಸೆದ. ಮುಂದಿನ ಹೂಟಕ್ಕೆ ಯೋನಾ ಕರೆದಾಗ ಓಡಿಹೋಗಿ ವೃತ್ತದಲ್ಲಿ ನಿಂತು ತಲೆ ತಗ್ಗಿಸಿದ.

ತಲೆ ಕೂಡಿಸಿದಾಗ ಕಾಣುವುದು ಪಾದಗಳು ಮಾತ್ರ. ಧೂಳು ಮೆತ್ತಿದ ಬರಿಗಾಲುಗಳು, ಬೆರಳುಗಳೆಲ್ಲ ವೃತ್ತದ ನಡುವಿಗೆ ಮುಖ ಮಾಡಿರುತ್ತವೆ. ಯಾರ ಕಾಲು ಯಾರದೆಂದು ಸೊಣ್ಣಪ್ಪನಿಗೆ ಬಾಯಿಪಾಠವಾಗಿತ್ತು. ಯೋನಾನ ಬಲಗಾಲಿನ ಮುರಿದ ಉಗುರು, ಬೈಯಣ್ಣನ ಹೆಬ್ಬೆರಳಿನ ತಾಮ್ರದ ಸುತ್ತು. ಅಂದು ಅವುಗಳ ನಡುವೆ ಗುರುತಿಲ್ಲದ ಒಂದು ಜೊತೆ ಕಾಲಿತ್ತು. ಗದ್ದೆ ಒಣಗಿ ಸೀಳಿದ ಹಾಗೆ ಬಿರಿದ ಹಿಮ್ಮಡಿಗಳು. ಆ ಹಿಮ್ಮಡಿಗಳು ವೃತ್ತದ ಒಳಕ್ಕೆ ಮುಖ ಮಾಡಿದ್ದವು. ಬೆರಳುಗಳು ಹೊರಗಿದ್ದವು. ಯಾರೋ ಬೆನ್ನು ತಿರುಗಿಸಿ ನಿಂತಿದ್ದಾರೆ ಎಂದುಕೊಂಡು ಅವನು ಕಣ್ಣೆತ್ತಿದ. ಎಲ್ಲರೂ ಒಳಮುಖವಾಗಿಯೇ ಬಾಗಿದ್ದರು. ಎಣಿಸಿದ. ತನ್ನನ್ನೂ ಸೇರಿಸಿ ಹನ್ನೊಂದು ತಲೆ. ಮತ್ತೆ ಕೆಳಗೆ ನೋಡಿದ. ಹನ್ನೆರಡು ಜೊತೆ ಪಾದ. ಪಿಳ್ಳಮ್ಮ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಮಾತು, ಸತ್ತು ತಿರುಗುವವರ ಪಾದ ಹಿಂದುಮುಂದಾಗಿರುತ್ತದೆ ಎಂಬುದು, ಅವನ ಎದೆಯಲ್ಲಿ ತಣ್ಣಗೆ ಇಳಿಯಿತು. ನೆಂಟ ಬಯಲಿನಲ್ಲಿ ಕಾಣದಿದ್ದುದು ಹೋಗಿಬಿಟ್ಟಿದ್ದರಿಂದಲ್ಲ, ಬಂದು ತಲುಪಿದ್ದರಿಂದ.

ಅಂದು ಆ ಕಾಲುಗಳು ನಿಂತಿದ್ದು ಗಾಣಿಗರ ಹುಡುಗನೊಬ್ಬನ ಪಕ್ಕದಲ್ಲಿ. ಅದೇ ಸುತ್ತಿನಲ್ಲಿ ಅವನ ಮುಂಗೈ ಮುರಿಯಿತು. ಕೆಲವು ದಿನಗಳ ಮೇಲೆ ಕಾಲುಗಳು ಅವನ ಆಚೆಯವನ ಪಕ್ಕಕ್ಕೆ ಬಂದವು. ಅವನ ಭುಜದ ಮೂಳೆ ಮುರಿಯಿತು. ಮೂರನೆಯವನ ತೊಡೆಯ ಮೂಳೆ ಚರ್ಮ ಸೀಳಿ ಹೊರಗೆ ಬಂತು. ಅವನು ಮುಂದೆ ಊರುಗೋಲಿಲ್ಲದೆ ನಡೆಯಲೇ ಇಲ್ಲವಂತೆ. ಅವರ ಜಾಗಕ್ಕೆ ಬೇರೆ ಹುಡುಗರು ಬಂದರು, ವೃತ್ತ ತುಂಬಿತು. ಮೂವರೂ ಹೇಳಿದ್ದು ಒಂದೇ ಮಾತು: ತಲೆ ಕೂಡಿಸಿದಾಗ ಹೆಗಲ ಮೇಲೆ ಬಿದ್ದ ಕೈಗಳಲ್ಲಿ ಒಂದು ಬಹಳ ತಣ್ಣಗಿತ್ತು. ಉಳಿದವರಿಗೆ ಇದು ನೋವಿನ ಕನವರಿಕೆ. ಸೊಣ್ಣಪ್ಪನಿಗೆ ಮಾತ್ರ ಅದು ಲೆಕ್ಕದಂತೆ ಸ್ಪಷ್ಟವಾಗಿತ್ತು. ವೃತ್ತದಲ್ಲಿ ಒಬ್ಬೊಬ್ಬರ ಜಾಗವೂ ಗೊತ್ತುಪಡಿಸಿದ್ದು. ಆ ಕಾಲುಗಳು ಒಬ್ಬನಿಂದ ಇನ್ನೊಬ್ಬನಿಗೆ ಸರಿದು ಬರುತ್ತಿದ್ದವು. ಮೂರನೆಯವನ ಆಚೆ ನಿಲ್ಲುವವನು ಬೈಯಣ್ಣ.

ಘಟ್ಟದ ಕೆಳಗಿನ ಇನ್ನೊಂದು ಮಿಷನ್ ಕಾಲೇಜಿನ ತಂಡ ಮುಂದಿನ ಶನಿವಾರ ಆಡಲು ಬರುವುದಿತ್ತು. ಸೊಣ್ಣಪ್ಪ ತಮ್ಮನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಕಂಡದ್ದನ್ನೆಲ್ಲ ಹೇಳಿ, ಶನಿವಾರ ಆಡಬೇಡ ಎಂದು ಬೇಡಿಕೊಂಡ. ಬೈಯಣ್ಣ ಕೇಳುವಷ್ಟು ಕೇಳಿ ಕೆಮ್ಮುವ ತನಕ ನಕ್ಕ. "ನಿನಗೆ ಹೆದರಿಕೆ ಆದ್ರೆ ನೀನು ಬಿಡಣ್ಣ, ಅಜ್ಜಿ ಜೊತೆ ಕೂತು ಎಲೆಗೆ ಸುಣ್ಣ ಹಚ್ಚಿಕೊಡು. ನಾನು ಓಡಲಿಲ್ಲ ಅಂದ್ರೆ ಆ ಘಟ್ಟದ ಕೆಳಗಿನೋರು ನಮ್ಮೂರ ಹೆಸರಿಗೆ ಮಸಿ ಬಳಿದು ಹೋಗ್ತಾರೆ." ಸೊಣ್ಣಪ್ಪ ದೊರೆಯ ಬಳಿಗೂ ಹೋದ. ಬ್ರನ್ಸನ್ ದೊರೆ ಕನ್ನಡ ಕಲಿತದ್ದು ಪುಸ್ತಕದಿಂದ. "ಸೊಣ್ಣಪ್ಪನೇ, ನೀನು ಬಿಸಿಲಿನಲ್ಲಿ ಬಹಳ ಬಾಗಿರುವಿ. ರಕ್ತವು ತಲೆಗೆ ಇಳಿಯುವುದು. ಭಯಪಡಬೇಡ, ಚೆಂಡನ್ನು ಮಾತ್ರ ನೋಡು" ಎಂದು ಅವನ ಬೆನ್ನು ತಟ್ಟಿದ. ಒಳ್ಳೆಯ ಮನುಷ್ಯ. ಆ ಬೆನ್ನು ಅಂಗಿಯೊಳಗೆ ತೊಯ್ದು ನಡುಗುತ್ತಿದ್ದುದು ಅವನ ಕೈಗೆ ತಿಳಿಯಿತೋ ಇಲ್ಲವೋ.

ಉಳಿದವಳು ಅಜ್ಜಿ. ಮಧ್ಯಾಹ್ನದ ಊಟವಾಗಿ ಪಿಳ್ಳಮ್ಮ ಹಿತ್ತಿಲ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಸೊಣ್ಣಪ್ಪ ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಅವಳ ಕೈ ನಿಂತುಹೋಗಿತ್ತು. ಈ ಸಲ ಅವಳು ನಗಲಿಲ್ಲ. "ಕೈ ಆಯ್ತು, ಭುಜ ಆಯ್ತು, ತೊಡೆ ಆಯ್ತು. ಇನ್ನು ಕತ್ತು" ಎಂದಳು. ಅವನು ಅಳತೊಡಗಿದ. "ಅಳಬೇಡ, ಕೇಳು. ನಮ್ಮ ಹಿರೀಕರು ಬಾಗಿಲು ಹಾಕಿಕೊಂಡ್ರು. ನೀನು ದಿನಾ ಬಗ್ಗಿ ಬಗ್ಗಿ ಕರೆದೆ. ಕರೆದ ಮೇಲೆ ಬಂದವನಿಗೆ ಒಂದು ಚೆಂಬು ನೀರು ಕೊಟ್ಟೋರುಂಟಾ? ನೆಂಟನ್ನ ಬಾಗಿಲಲ್ಲಿ ನಿಲ್ಲಿಸಿ ಮನೆಯೋರು ಗುಸುಗುಸು ಮಾತಾಡಿಕೊಂಡ್ರೆ ಯಾವನಿಗೆ ಸಿಟ್ಟು ಬರಲ್ಲ? ಕರೆದೋನು ನೀನು, ಉಪಚಾರ ಮಾಡಿ ಕಳಿಸೋನೂ ನೀನೇ. ಕಾಲಿಗೆ ನೀರು ಹಾಕು. ಬೆಲ್ಲ ಇಡು. ಮುಖ ನೋಡಬೇಡ, ಹೆಸರು ಕೇಳಬೇಡ. ಆಮೇಲೆ ಹೋಗು ಅನ್ನು." ಅವಳು ಅವನ ಗದ್ದ ಹಿಡಿದು ಮುಖ ಎತ್ತಿಸಿದಳು. "ಬರೀ ಹೋಗು ಅನ್ನಬೇಕು. ನಾವು ಮನೆಗೆ ಬಂದೋರಿಗೆ ಹೋಗಿ ಬಾ ಅಂತೀವಲ್ಲ, ಹಂಗೆ ಅಂದೀಯಾ ಜೋಕೆ. ಬಾ ಅಂದ್ರೆ ಬತ್ತಾನೆ."

ಸೊಣ್ಣಪ್ಪ ಆ ಒಂದು ಮಾತನ್ನು ಶನಿವಾರದವರೆಗೂ ಬಾಯಲ್ಲಿ ಹೊರಳಿಸುತ್ತಿದ್ದ. ಹೋಗು. ಕೇಳಲು ಅದು ಎಷ್ಟು ಸಣ್ಣ ಮಾತು! ಆದರೆ ಹುಟ್ಟಿದಾಗಿನಿಂದ ಅವನು ಹೊಸ್ತಿಲು ದಾಟುವ ಯಾರಿಗೂ ಅದನ್ನು ಬಿಡಿಯಾಗಿ ಅಂದವನಲ್ಲ. ಸಾಲ ಕೇಳಲು ಬಂದವನಿಗೂ ಅನ್ನಲಿಲ್ಲ, ಸಂತೆಗೆ ಹೊರಟ ಅಜ್ಜಿಗೂ ಅನ್ನಲಿಲ್ಲ. ಹಾಗೆ ಅನ್ನುವುದು ಹೆಣ ಎತ್ತುವಾಗ ಮಾತ್ರ. ಹೊಲದ ಬದುವಿನಲ್ಲಿ ನಿಂತು ಅವನು ಗಟ್ಟಿಯಾಗಿ ಹೇಳಿ ನೋಡಿದ. ಹೋಗು. ನಾಲಿಗೆ ಮುಂದಿನ ಮಾತಿಗಾಗಿ ತಾನಾಗಿಯೇ ಮೇಲೆದ್ದು ನಿಲ್ಲುತ್ತಿತ್ತು. ಹಲ್ಲು ಕಚ್ಚಿ ತಡೆಯುತ್ತಿದ್ದ.

ಶನಿವಾರ ಮಧ್ಯಾಹ್ನ ಊರಿಗೆ ಊರೇ ದಿನ್ನೆ ಹತ್ತಿತು. ಗುಪ್ಪೆಯ ಕಲ್ಲುಗಳ ಮೇಲೆ ಜನ ಒತ್ತಾಗಿ ಕೂತರು. ಮೊದಲ ಸಾಲಿನಲ್ಲಿ ಪಿಳ್ಳಮ್ಮ, ಮಡಿಲಲ್ಲಿ ನೀರಿನ ಚೆಂಬು. ಘಟ್ಟದ ಕೆಳಗಿನವರು ಗಟ್ಟಿಮುಟ್ಟಾದ ಆಳುಗಳು. ಆಟ ಬಹಳ ಹೊತ್ತು ಎತ್ತಿನ ಕಾಳಗದಂತೆ ಅಲ್ಲಿಯೇ ತಳ್ಳಾಡಿತು. ಕಾಲುಗಳು ಬರಲಿಲ್ಲ. ಸೊಣ್ಣಪ್ಪ ಪ್ರತಿ ಸಲ ತಲೆ ತಗ್ಗಿಸಿ ಎಣಿಸಿದ, ಪ್ರತಿ ಸಲವೂ ಹನ್ನೊಂದು. ನೆರಳು ಉದ್ದವಾಗಿ ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಾಗ ಎರಡೂ ಕಡೆ ಸಮನಾಗಿತ್ತು. ಯೋನಾ ತಲೆ ಕೂಡಿಸಿದ. ಸೊಣ್ಣಪ್ಪ ಕೆಳಗೆ ನೋಡಿದ. ಬೈಯಣ್ಣನ ತಾಮ್ರದ ಸುತ್ತಿನ ಪಕ್ಕದಲ್ಲಿ ಬಿರಿದ ಹಿಮ್ಮಡಿಗಳು ನಿಂತಿದ್ದವು. "ಯಾರೋ ಐಸು ಹಿಡಕೊಂಡವ್ರೆ ಕೈಯಾಗೆ" ಎಂದು ಬೈಯಣ್ಣ ಹೆಗಲು ಕುಣಿಸಿದ.

ಸೊಣ್ಣಪ್ಪ ವೃತ್ತ ಬಿಟ್ಟು ಓಡಿದ. ಅಜ್ಜಿಯ ಕೈಯಿಂದ ಚೆಂಬು ಕಿತ್ತುಕೊಂಡು ಮರಳಿ ಓಡಿಬಂದ. ದೊರೆ ಸೀಟಿ ಬಾಯಿಗಿಟ್ಟವನು, ನೀರಡಿಕೆ ಇರಬೇಕೆಂದು ಊದದೆ ಸುಮ್ಮನಾದ. "ಏನ್ಲಾ ಸೊಣ್ಣಾ, ಆಟ ಆಡಕ್ಕೆ ಬಂದಿದೀಯೋ, ಗದ್ದೆಗೆ ನೀರು ಕಟ್ಟಕ್ಕೆ ಬಂದಿದೀಯೋ?" ಎಂದು ಯೋನಾ ರೇಗಿದ. ಸೊಣ್ಣಪ್ಪ ತಲೆ ತಗ್ಗಿಸಿ ಮತ್ತೆ ವೃತ್ತದೊಳಗೆ ಸೇರಿ, ಕೈ ಚಾಚಿ, ಆ ಹಿಮ್ಮಡಿಗಳ ಮೇಲೆ ನೀರು ಹಾಕಿದ. ಉಳಿದವರಿಗೆ ಅವನು ಬರಿ ನೆಲಕ್ಕೆ ನೀರು ಸುರಿಯುವಂತೆ ಕಂಡಿತು. ಅವನಿಗೆ ಮಾತ್ರ ಧೂಳು ಕರಗಿ ಇಳಿಯುವುದು ಕಾಣುತ್ತಿತ್ತು, ಪದರ ಪದರವಾಗಿ, ಎಷ್ಟೋ ಊರುಗಳ ಕೆಂಪು ಕಪ್ಪು ಬಿಳಿ ಮಣ್ಣು. ಬಿರುಕುಗಳು ನೀರನ್ನು ಹೀರಿಕೊಂಡವು. ಧೂಳಿನ ಕೆಳಗೆ ಇದ್ದದ್ದು ಮನುಷ್ಯನ ಕಾಲು. ನಡೆದು ನಡೆದು ಸವೆದ, ಯಾರೂ ಒಳಗೆ ಕರೆಯದ, ಯಾವನೋ ಬಡವನ ಕಾಲು. ಸೊಂಟದಿಂದ ಬೆಲ್ಲದ ಉಂಡೆ ತೆಗೆದು ಅದರ ಪಕ್ಕದಲ್ಲಿಟ್ಟ. ಆ ಗಳಿಗೆಯಲ್ಲಿ ಅವನಿಗಿದ್ದದ್ದು ಹೆದರಿಕೆಯೊಂದೇ ಅಲ್ಲ ಎನ್ನುತ್ತಾರೆ.

ಅವನು ಬಾಯಿ ತೆರೆದ. ಹೋಗು ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆ ತೊಯ್ದ ಹಿಮ್ಮಡಿಗಳನ್ನು ನೋಡುತ್ತ ನೋಡುತ್ತ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು. "ಹೋಗಿ ಬಾರಪ್ಪಾ" ಎಂದುಬಿಟ್ಟ.

ಬೈಯಣ್ಣ ಎದುರಿಗೇ ತಲೆ ತಗ್ಗಿಸಿ ನಿಂತಿದ್ದನಲ್ಲ, ಅಣ್ಣ ತನಗೇ ಹೇಳಿದನೆಂದುಕೊಂಡ. ಇಷ್ಟು ದಿನ ಬೇಡ ಬೇಡ ಎನ್ನುತ್ತಿದ್ದವನು ಕೊನೆಗೂ ಹರಸಿದನೆಂದು ಅವನಿಗೆ ಹಿಗ್ಗಾಯಿತು. "ಹೋಗ್ಬತ್ತೀನಣ್ಣಾ" ಎಂದು ನಕ್ಕ. ಅದರ ಬೆನ್ನಿಗೇ ಇನ್ನೊಮ್ಮೆ "ಬತ್ತೀನಿ" ಎಂಬ ಮಾತು ವೃತ್ತದೊಳಗೆ ಕೇಳಿಸಿತು. ಬೈಯಣ್ಣನೇ ಎರಡು ಸಲ ಹೇಳಿದನೆಂದು ಎಲ್ಲರೂ ತಿಳಿದರು. ಯೋನಾ ಮಾತ್ರ ಮುಂದೆ ಮುದುಕನಾದ ಮೇಲೂ ಹೇಳುತ್ತಿದ್ದನಂತೆ: ಎರಡನೆಯ ದನಿ ಬಹಳ ದಿನ ಮಾತಾಡದವನ ಗಂಟಲಿನಿಂದ ಬಂದ ಹಾಗಿತ್ತು.

ವೃತ್ತ ಒಡೆಯಿತು. ಸೊಣ್ಣಪ್ಪ ಚೆಂಡಿನ ಮೇಲೆ ಕೈಯಿಟ್ಟು ಬಾಗಿದ. ಬಾಗದೆ ಗತಿಯಿರಲಿಲ್ಲ. ತಲೆಕೆಳಗಾದ ಬಯಲಿನಲ್ಲಿ ಬೈಯಣ್ಣ ಕೈ ಚಾಚಿ ಕಾಯುತ್ತಿದ್ದ. ಅವನ ಹಿಂದೆ ಕಂಬಳಿ ಹೊದ್ದ ಬೆನ್ನೊಂದು ಗುಪ್ಪೆಯಿದ್ದ ಕಡೆಗೆ ನಡೆದುಹೋಗುತ್ತಿತ್ತು. ಹೋಗುತ್ತಿದೆ, ಹೋಗುತ್ತಿದೆ ಎಂದು ಸೊಣ್ಣಪ್ಪನ ಜೀವ ಕುಣಿಯಿತು. ಕಂಬಗಳ ಬಳಿ ಅದು ನಿಂತಿತು. ಊಟ ಮಾಡಿ ಹೊರಟ ನೆಂಟರು ಬೀದಿಯ ತಿರುವಿನಲ್ಲಿ ಒಮ್ಮೆ ಮನೆಯ ಕಡೆಗೆ ತಿರುಗಿ ತಲೆಯಾಡಿಸುವುದಿಲ್ಲವೇ, ಹಾಗೆ ಅದು ತಿರುಗತೊಡಗಿತು. ಅವನು ಕಣ್ಣು ಮುಚ್ಚಿ ಚೆಂಡು ಎಸೆದ. ಅದು ಸರಿಯಾಗಿ ತಮ್ಮನ ಎದೆಗೇ ಹೋಗಿ ಸೇರಿತು. ಘಟ್ಟದ ಕೆಳಗಿನ ಹನ್ನೊಂದೂ ಜನ ಬೈಯಣ್ಣನ ಮೇಲೆ ಬಿದ್ದರು. ಸೊಣ್ಣಪ್ಪ ನೆಲಕ್ಕೆ ಕವುಚಿ ಮಲಗಿ, ಕಿವಿ ಮುಚ್ಚಿಕೊಂಡು, ಮೂಳೆ ಮುರಿಯುವ ಸದ್ದಿಗಾಗಿ ಕಾದ. ಮುಚ್ಚಿದ ಕಿವಿಯೊಳಗೆ ಬಂದದ್ದು ಊರಿನ ಕೇಕೆ. ಬೈಯಣ್ಣ ಆ ರಾಶಿಯಿಂದ ನುಸುಳಿ, ಗೆರೆ ದಾಟಿ, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಅಣ್ಣನ ಕಡೆಗೆ ಓಡಿಬರುತ್ತಿದ್ದ. "ನೋಡಣ್ಣಾ, ಹೋಗಿ ಬಂದೆ!"

ಸೊಣ್ಣಪ್ಪ ಅವನ ಕತ್ತನ್ನು ಎರಡೂ ಕೈಯಿಂದ ಸವರಿ ಸವರಿ ನೋಡಿದನಂತೆ. ಆಮೇಲೆ ಮೆಟ್ಟಿಲ ಕಡೆ ನೋಡಿದ. ಊರೆಲ್ಲ ಕುಣಿಯುತ್ತಿರುವಾಗ ಪಿಳ್ಳಮ್ಮ ಒಬ್ಬಳೇ ಕೂತಲ್ಲಿಂದ ಏಳದೆ ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅವಳಿಗೆ ತಿಳಿಯಿತು.

ಬ್ರನ್ಸನ್ ದೊರೆಗೆ ತಿಳಿದದ್ದು ಬೇರೆ ರೀತಿಯಲ್ಲಿ. ಜನ ಇಳಿದುಹೋಗುವಾಗ ಅವನು ಬಯಲಿನ ನಡುವೆ ನೆಲ ನೋಡುತ್ತ ನಿಂತುಬಿಟ್ಟ. ತಲೆ ಕೂಡಿಸಿದ ಜಾಗದಿಂದ ಮೂಡಣ ಕಂಬಗಳ ತನಕ ಒದ್ದೆ ಹೆಜ್ಜೆಗಳ ಸಾಲೊಂದಿತ್ತು. ಬೆರಳುಗಳು ಬಯಲಿನ ಕಡೆಗೆ ತಿರುಗಿದ್ದವು. ಕಂಬಗಳ ಕಡೆಯಿಂದ ಯಾರೋ ವೃತ್ತಕ್ಕೆ ನಡೆದುಬಂದ ಗುರುತು. ಆದರೆ ವೃತ್ತದ ಬಳಿಯ ಹೆಜ್ಜೆಗಳಲ್ಲಿ ನೀರು ನಿಂತಿತ್ತು, ದೂರ ಹೋದ ಹಾಗೆಲ್ಲ ಒಣಗಿ ಒಣಗಿ ಕಂಬಗಳ ಬಳಿ ಬರಿ ಮಸುಕು. ಹಾಗಾದರೆ ಇಲ್ಲಿಂದ ಅಲ್ಲಿಗೆ ಹೋದದ್ದು. "ಹಿಂದು ಹಿಂದಕ್ಕೆ ನಡೆದವನು ಯಾರು?" ಎಂದು ಅವನು ಹುಡುಗರನ್ನು ಕೇಳಿದ. ಯಾರೂ ಹಾಗೆ ನಡೆದಿರಲಿಲ್ಲ. ಅವನು ಒಂದು ಹೆಜ್ಜೆಯ ಪಕ್ಕದಲ್ಲಿ ತನ್ನ ಬೂಟುಗಾಲು ಊರಿ ಹಿಂದಕ್ಕೆ ನಡೆದು ನೋಡಿದ. ಹಿಂದಕ್ಕೆ ನಡೆಯುವವನ ಭಾರ ಬೆರಳಿನ ಮೇಲೆ ಮೊದಲು ಬೀಳುತ್ತದೆ. ಇಲ್ಲಿ ಹಿಮ್ಮಡಿ ಆಳವಾಗಿ ಊರಿತ್ತು, ಮುಂದಕ್ಕೆ ನಡೆಯುವವನ ಹೆಜ್ಜೆಯಂತೆ. ಗಣಿತ ಬಲ್ಲ ದೊರೆ ಬಹಳ ಹೊತ್ತು ಬೂಟನ್ನೂ ಹೆಜ್ಜೆಯನ್ನೂ ನೋಡಿದ. ಆಮೇಲೆ ಸೊಣ್ಣಪ್ಪನ ಮುಖ ನೋಡಿದ. "ಅದು ಹೋಯಿತೋ, ಬಂದಿತೋ?" ಎಂದು ಕೇಳಿದ. ಸೊಣ್ಣಪ್ಪ, "ಹೋಯ್ತು ದೊರೆ. ಬತ್ತದೆ" ಎಂದ.

ಸೋಮವಾರ ಬೆಳಿಗ್ಗೆ ಕಂಬಗಳನ್ನು ಬುಡಕ್ಕೆ ಗರಗಸ ಹಾಕಿ ಕೊಯ್ಯಿಸಿದರು. ಚೆಂಡುಗಳನ್ನೂ ತೊಗಲಿನ ಕುಲಾವಿಗಳನ್ನೂ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದರು. ಹುಡುಗರ ಮೂಳೆ ಮುರಿಯುತ್ತಿವೆ, ಪರೀಕ್ಷೆ ಹತ್ತಿರ ಬಂತು, ಆದ್ದರಿಂದ ಆಟವನ್ನು ನಿಲ್ಲಿಸಿದೆ ಎಂದು ಕಾಲೇಜು ಸಾರಿತು. ಗೆದ್ದ ತಂಡವನ್ನು ಯಾಕೆ ಮುರಿದರು ಎಂದು ಕೇಳಿದವರಿಗೆಲ್ಲ ದೊರೆ ಅದೇ ಉತ್ತರ ಕೊಟ್ಟ. ಮಳೆಗಾಲಕ್ಕೆ ಮುನ್ನ ಅವನು ತನ್ನ ನಾಡಿಗೆ ಮರಳಿದ. ಮೂರು ವರ್ಷ ಆಡಿದ ಆ ಆಟವನ್ನು ತೊರೆಬಂಡೆಯಲ್ಲಿ ಮತ್ತೆ ಯಾರೂ ಆಡಲಿಲ್ಲ.

ಸೊಣ್ಣಪ್ಪನಿಗೆ ಹೊರಗಿನ ಊರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು, ಹೋಗಲಿಲ್ಲ. ಬಾ ಎಂದವನೇ ಬಾಗಿಲಲ್ಲಿಲ್ಲದಿದ್ದರೆ ಬಂದ ನೆಂಟ ಮನೆ ಹುಡುಕಿಕೊಂಡು ಊರೊಳಗೆ ಇಳಿಯುತ್ತಾನೆಂದು ಅವನ ಹೆದರಿಕೆ. ಬದುಕಿದ್ದಷ್ಟು ಕಾಲ ಪ್ರತಿ ಶನಿವಾರ ಮಧ್ಯಾಹ್ನ ದಿನ್ನೆ ಹತ್ತಿ, ನೆಲ ನೋಡುತ್ತಲೇ ಒಂದು ಚೆಂಬು ನೀರು ಸುರಿದು, ಬೆಲ್ಲವಿಟ್ಟು, ಮಾತಿಲ್ಲದೆ ಇಳಿದು ಬರುತ್ತಿದ್ದ. ಅವನು ತೀರಿಕೊಂಡ ಮರುವಾರ, ಅದುವರೆಗೆ ಎಲ್ಲವನ್ನೂ ನಕ್ಕು ತಳ್ಳುತ್ತಿದ್ದ ಬೈಯಣ್ಣ ಯಾರಿಗೂ ಹೇಳದೆ ಚೆಂಬು ಹಿಡಿದು ಹೊರಟ. ಮೊಮ್ಮಕ್ಕಳನ್ನು ಕಂಡ ಮುದುಕನಾಗಿಯೇ ಅವನು ತೀರಿಕೊಂಡದ್ದು. ಸೊಣ್ಣಪ್ಪ ತಪ್ಪು ಮಾಡಿದ ಎಂದು ಊರಲ್ಲಿ ಈಗಲೂ ಕೆಲವರು ಹೇಳುತ್ತಾರೆ. ಬರೀ ಹೋಗು ಎಂದಿದ್ದರೆ ಪೀಡೆ ಅಂದಿಗೇ ತೊಲಗುತ್ತಿತ್ತಲ್ಲ ಎನ್ನುತ್ತಾರೆ. ಬೈಯಣ್ಣನ ಮನೆಯವರು ಅದಕ್ಕೆ ಕೊಡುವ ಉತ್ತರ ಬೇರೆ. ಆ ವೃತ್ತದಲ್ಲಿ ಆ ಮಾತನ್ನು ಕೇಳಿಸಿಕೊಂಡು ಹೊರಟವರು ಇಬ್ಬರು. ಬರೀ ಹೋಗು ಎಂದಿದ್ದರೆ ಇಬ್ಬರೂ ಹೋಗುತ್ತಿದ್ದರು. ಬಾ ಎಂದದ್ದಕ್ಕೆ ಇಬ್ಬರೂ ಬಂದರು. ಒಬ್ಬನನ್ನು ಮಾತ್ರ ಕರೆಯುವುದು ಹೇಗೆಂದು ಪಿಳ್ಳಮ್ಮನೂ ಹೇಳಿಕೊಟ್ಟಿರಲಿಲ್ಲ.

ಈಗಲೂ ಸಂಜೆಯ ಬಸ್ಸಿಗೆ ಆ ಹುಣಸೆಮರದ ಕೆಳಗೆ ಜನ ಸೇರುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ, ಹಾಸ್ಟೆಲಿಗೆ ಮರಳುವ ಹುಡುಗನ ಗಂಟು ಹಿಡಿದ ಅಪ್ಪ. ಹೋಗಿ ಬಾ ಎನ್ನುವುದನ್ನೂ ಸೇರಿಸಿ ಆಡಬೇಕಾದ ಮಾತನ್ನೆಲ್ಲ ಊರೊಳಗೇ ಆಡಿ ಮುಗಿಸಿ ಬಂದಿರುತ್ತಾರೆ. ಬಸ್ಸು ಅಲುಗಿದಾಗ ಬೇರೆ ಊರಿನಲ್ಲಾದರೆ ಎಷ್ಟು ಗದ್ದಲ, ಎಷ್ಟು ಕೂಗು! ಇಲ್ಲಿ ಯಾರೊಬ್ಬರೂ ತುಟಿ ಬಿಚ್ಚುವುದಿಲ್ಲ. ದಿನ್ನೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತು, ಬಾಯಿ ಬಿಗಿಹಿಡಿದು, ಕೈ ಮಾತ್ರ ಎತ್ತುತ್ತಾರೆ. ತೊರೆಬಂಡೆಯವರಿಗೆ ಬೀಳ್ಕೊಡುವ ಮರ್ಯಾದೆಯೂ ಗೊತ್ತಿಲ್ಲ ಎಂದು ಕಿಟಕಿಯಲ್ಲಿ ಕೂತ ಹೊಸಬರು ಆಡಿಕೊಳ್ಳುತ್ತಾರೆ.